ಎ ಬದಿಯ ಕೊನೆಯ ಹಾಡು

ಅವನ ಪ್ಯಾಂಟಿನಿಂದಲೇ ಶುರುಮಾಡುತ್ತೇನೆ, ಏಕೆಂದರೆ ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲಿಂದಲೇ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಕಾಪುವಿನ ನಮಗೆಲ್ಲ ಇದ್ದದ್ದು ಪೇಟೆಯ ದರ್ಜಿ ಹೊಲಿದುಕೊಟ್ಟ ಟೆರಿಕಾಟ್ ಪ್ಯಾಂಟು. ಕುಳಿತರೆ ಬಿಗಿ, ನಿಂತರೆ ಸಡಿಲ. ಅವನದ್ದು ದುಬಾಯಿಯಲ್ಲಿದ್ದ ಅಣ್ಣ ಕಳುಹಿಸಿದ ಜೀನ್ಸ್. ಅವನ ತಂದೆಗೆ ಕಾಪು ಪೇಟೆಯಲ್ಲಿ ಬಟ್ಟೆಯಂಗಡಿ ಇತ್ತು. ಆದರೂ ಆ ಅಂಗಡಿಯ ಒಂದು ಗಜ ಬಟ್ಟೆಯನ್ನು ಮಗ ಮೈಮೇಲೆ ಹಾಕಿದ್ದನ್ನು ನಾನು ನೋಡಿಲ್ಲ. ಮನೆಯಲ್ಲಿ ಬ್ಯಾರಿ ಮಾತು, ನಮ್ಮೊಡನೆ ತುಳು, ಮಣಿಪಾಲದ ಕಾಲೇಜಿನಲ್ಲಿ ಇಂಗ್ಲಿಷ್. ಮೂರನ್ನೂ ಅವನು ಒಂದೇ ಸಮನೆ ಮೆಲ್ಲಗೆ ಮಾತಾಡುತ್ತಿದ್ದ. ಅದೂ ನನಗೆ ಆಗುತ್ತಿರಲಿಲ್ಲ.

ಅವನು ಸ್ವಲ್ಪ ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಜಂಬದವನಾಗಿದ್ದರೂ ಸಾಕಿತ್ತು. ನನ್ನ ದುರದೃಷ್ಟಕ್ಕೆ ಅವನಲ್ಲಿ ಅಂಥದ್ದೇನೂ ಇರಲಿಲ್ಲ. ಹೋಟೆಲಿನಲ್ಲಿ ಚಹಾ ಬಂದರೆ ನನ್ನ ಲೋಟ ನನ್ನ ಮುಂದೆ ಸರಿಸಿ ಆಮೇಲೆ ತನ್ನದನ್ನು ಮುಟ್ಟುತ್ತಿದ್ದ.

ನಮ್ಮದೊಂದು ಬ್ಯಾಂಡ್ ಇತ್ತು. ಅವನು ಬರುವ ಮೊದಲು ನಾವು ಮೂವರು. ಉಡುಪಿಯಲ್ಲಿ ಬಿ.ಕಾಂ. ಓದುತ್ತಿದ್ದ ನಾನು ಗಿಟಾರ್ ನುಡಿಸುವವನು, ಹಾಡುವವನು, ಹಾಡು ಕಟ್ಟುವವನು, ಅಂದರೆ ನನ್ನ ಲೆಕ್ಕದಲ್ಲಿ ಬ್ಯಾಂಡ್ ಎಂದರೆ ನಾನು. ಡ್ರಮ್ಸ್ ಬಾರಿಸುತ್ತಿದ್ದವನು ಶಿರ್ವದ ಹುಡುಗ. ಇಗರ್ಜಿಯ ಬ್ಯಾಂಡಿನಲ್ಲಿ ಮದುವೆಗೂ ಮರಣಕ್ಕೂ ಬಾರಿಸಿ ಕೈ ಪಳಗಿದವನು. ಮೂರನೆಯವರು ಕಾರ್ಕಳದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಒಬ್ಬರು. ನಮಗಿಂತ ಹತ್ತು ವರ್ಷ ದೊಡ್ಡವರು, ನಾವು ಅಣ್ಣ ಎನ್ನುತ್ತಿದ್ದೆವು. ಹಲಸಿನ ಹಲಗೆ ಕೊಯ್ದು, ತಾವೇ ತಾಮ್ರದ ತಂತಿ ಸುತ್ತಿ, ಒಂದು ಬೇಸ್ ಗಿಟಾರ್ ಮಾಡಿಕೊಂಡಿದ್ದರು. ಅದರ ಆಂಪ್ಲಿಫೈಯರ್ ಒಂದು ಹಳೆಯ ವಾಲ್ವ್ ರೇಡಿಯೋ. ಮಳೆಗಾಲದಲ್ಲಿ ಅದನ್ನು ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ನಾವು ಬೇರೆಯವರ ಹಾಡು ಹಾಡುತ್ತಿರಲಿಲ್ಲ. ಸಿನಿಮಾ ಹಾಡು ಬೇಕಾದರೆ ರೇಡಿಯೋ ಹಚ್ಚಿ ಎನ್ನುವ ಧಿಮಾಕು ನಮಗಿತ್ತು. ತುಳುವಿನಲ್ಲಿ, ಕನ್ನಡದಲ್ಲಿ ನಮ್ಮದೇ ಹಾಡು, ಆದರೆ ಗಿಟಾರ್ ಮತ್ತು ಡ್ರಮ್ಸಿನ ಅಬ್ಬರದಲ್ಲಿ. ರಾಕ್ ಎಂದು ಹೇಳಿಕೊಳ್ಳುತ್ತಿದ್ದೆವು. ಅರ್ಧ ಊರಿಗೆ ಅದು ಬೊಬ್ಬೆ.

ಮಣಿಪಾಲದ ಒಂದು ಕಾಲೇಜಿನ ವಾರ್ಷಿಕೋತ್ಸವದಲ್ಲಿ ನಮಗೆ ಅರ್ಧ ಗಂಟೆ ಸಿಕ್ಕಿತ್ತು. ಅವನು ಅಲ್ಲಿ ಓದುತ್ತಿದ್ದ. ಹಾಸ್ಟೆಲಿನವರು ಅವನ ಹೆಸರು ಕೂಗಿ ಕೂಗಿ ತಲೆ ತಿಂದರು, ಡ್ರಮ್ಸಿನವನು ಅವನನ್ನು ವೇದಿಕೆಗೆ ಕರೆದ. ನಮ್ಮದೇ ಒಂದು ಹಾಡನ್ನು, ಆಗಷ್ಟೇ ಕೇಳಿ ಕಲಿತದ್ದನ್ನು, ಅವನು ಹಾಡಿದ. ನಾನು ಹಾಡುವಾಗ ಆ ಹುಡುಗರು ಕುಣಿದಿದ್ದರು, ಕೂಗಿದ್ದರು. ಅವನು ಹಾಡುವಾಗ ಕೂತುಬಿಟ್ಟರು. ಕುಣಿಯುವವರು ಕೂತು ಕೇಳುವುದು ಅಂದರೆ ಏನೆಂದು ನನಗೆ ಅರ್ಥವಾಯಿತು, ಅರ್ಥವಾಗಬಾರದಿತ್ತು. ಮುಂದಿನ ವಾರದಿಂದ ಅವನು ನಮ್ಮ ನಾಲ್ಕನೆಯವನಾದ.

ಅದಾಗಿ ಎರಡು ವರ್ಷಕ್ಕೆ ಕಾಪುವಿನ ಯುವಕ ಮಂಡಲವೊಂದು ಶಾಲೆಯ ಮೈದಾನದಲ್ಲಿ ನಮ್ಮ ಕಾರ್ಯಕ್ರಮ ಇಟ್ಟಿತು. ಅಲ್ಲಿ ಇಲ್ಲಿ ಹಾಡಿದ್ದೆವೇ ಹೊರತು ನನ್ನ ಸ್ವಂತ ಊರಿನಲ್ಲಿ ಒಮ್ಮೆಯೂ ಹಾಡಿರಲಿಲ್ಲ. ಕೇಳುವವರಿಗೆ ಹಾಡು ಮೊದಲೇ ಪರಿಚಯವಿರಲಿ ಎಂದು ಒಂದು ಕ್ಯಾಸೆಟ್ ಮಾಡಿ ಹಂಚೋಣ ಎಂದರು ಅಣ್ಣ. ಎಂಟು ಹಾಡು. ಯಾವುದನ್ನು ಯಾರು ಹಾಡುವುದು ಎಂದು ಮಾತಾಡಲು ಕಾರ್ಕಳದ ಅಂಗಡಿಯಲ್ಲಿ ಕುಳಿತೆವು.

ಅದರಲ್ಲಿ ಒಂದು ಹಾಡು ಎಲ್ಲಕ್ಕಿಂತ ನನ್ನದು. ಅಮ್ಮ ಒಮ್ಮೆ ಗುಳ್ಳ ಬದನೆ ತರಲು ನನ್ನನ್ನು ಸೈಕಲ್ಲಿನಲ್ಲಿ ಮಟ್ಟುವಿಗೆ ಕಳುಹಿಸಿದ್ದಳು. ಗದ್ದೆಯಲ್ಲಿ ಗುಳ್ಳ ಕೊಯ್ಯುತ್ತಿದ್ದ ಹುಡುಗಿಯೊಬ್ಬಳು, ನನ್ನ ಬೆರಳಿಗೆ ತೊಟ್ಟಿನ ಮುಳ್ಳು ಚುಚ್ಚಿದ್ದನ್ನು ನೋಡಿ ನಕ್ಕಳು. ಅಷ್ಟೇ ನಡೆದದ್ದು. ನಾನು ಬದನೆಕಾಯಿ ತೆಗೆದುಕೊಳ್ಳುವುದನ್ನೇ ಮರೆತು ಖಾಲಿ ಚೀಲ ಹಿಡಿದು ಮನೆಗೆ ಬಂದೆ. ತುಳುವಿನಲ್ಲಿ ಕಟ್ಟಿದ ಆ ಹಾಡಿನಲ್ಲಿ ಹುಡುಗಿಯ ಸುದ್ದಿ ಹೆಚ್ಚಿಲ್ಲ. ಗುಳ್ಳ ಎಲ್ಲಿ ಎಂದು ತಾಯಿ ಅಡುಗೆಮನೆಯಿಂದ ಕೇಳುತ್ತಾಳೆ, ಮಗನ ಬಳಿ ಉತ್ತರ ಇಲ್ಲ, ಅವಳು ಮತ್ತೆ ಕೇಳುತ್ತಾಳೆ. ಡ್ರಮ್ಸ್ ಇಲ್ಲ, ಬೇಸ್ ಇಲ್ಲ. ನನ್ನ ಒಂದು ಗಿಟಾರ್, ಒಂದು ಸ್ವರ.

"ಅದನ್ನು ಇವನು ಹಾಡಲಿ," ಎಂದರು ಅಣ್ಣ, ಕೈಯಲ್ಲಿದ್ದ ಬೆಸುಗೆ ಕಡ್ಡಿಯಿಂದಲೇ ಅವನನ್ನು ತೋರಿಸಿ.

"ಅದು ಅವನ ಹಾಡು ಅಲ್ವಾ ಅಣ್ಣ," ಎಂದ ಅವನು. "ಅವನೇ ಹಾಡಲಿ."

"ಹಾಡು ಅವನದ್ದೇ. ಯಾರು ಇಲ್ಲ ಅಂದದ್ದು? ಆದರೆ ಅವನೇ ಹಾಡಿದರೆ ಮುಳ್ಳು ಚುಚ್ಚಿದ ಹಾಗೆ ಬೊಬ್ಬೆ ಹಾಕ್ತಾನೆ ಮಾರಾಯ. ಮಗನಿಗೆ ನಾಚಿಕೆ ಆಗ್ತಾ ಉಂಟು ಅಂತ ಗೊತ್ತಾಗಬೇಕಲ್ಲ."

ಡ್ರಮ್ಸಿನವನು ನಕ್ಕ. ನಾನೂ ನಕ್ಕೆ. ನನ್ನ ಮಾವಂದಿರು, ನನಗೆ ಲೆಕ್ಕ ಕಲಿಸಿದ ಮೇಷ್ಟ್ರು, ಮಟ್ಟುವಿನವರು ಕೂಡ ಬರುವ ಮೈದಾನದಲ್ಲಿ, ನನ್ನ ಹಾಡನ್ನು ಅವನು ಹಾಡುವುದು, ನಾನು ಪಕ್ಕದಲ್ಲಿ ಟಿಂಗ್ ಟಿಂಗ್ ಎನ್ನುವುದು. ಬಾಯಲ್ಲಿ ಮಾತ್ರ, "ಆಯ್ತು, ನೀನೇ ಹಾಡು, ನನಗೆಂತ," ಎಂದೆ.

ರೆಕಾರ್ಡಿಂಗ್ ನಡೆದದ್ದು ಶಿರ್ವದಲ್ಲಿ, ಡ್ರಮ್ಸಿನವನ ಚಿಕ್ಕಪ್ಪನ ಹೊಸ ಮನೆಯ ಹಾಲ್‌ನಲ್ಲಿ. ಚಿಕ್ಕಪ್ಪ ಕುವೈತಿನಲ್ಲಿದ್ದರು, ಹಾಲ್‌ನಲ್ಲಿ ಇನ್ನೂ ಕುರ್ಚಿ ಕೂಡ ಬಂದಿರಲಿಲ್ಲ. ಟೇಪ್ ರೆಕಾರ್ಡರ್ ಮಾತ್ರ ಅವನದು, ಎರಡು ಕ್ಯಾಸೆಟ್ ಹಾಕುವಂಥದ್ದು, ಅದೂ ಜೀನ್ಸಿನ ಹಾಗೆ ದುಬಾಯಿಯಿಂದ ಬಂದದ್ದೇ. ಮೈಕ್ ಅದರೊಳಗಿನ ಒಂದೇ. ಹಾಗಾಗಿ ಯಾರ ಸದ್ದು ಎಷ್ಟು ಬೇಕು ಎನ್ನುವುದನ್ನು ಅಣ್ಣ ದೂರದಿಂದ ನಿರ್ಧರಿಸುತ್ತಿದ್ದರು. ಸೀಮೆಸುಣ್ಣದಲ್ಲಿ ನೆಲದ ಮೇಲೆ ಗುರುತು ಹಾಕಿದ್ದರು. ಡ್ರಮ್ಸ್ ಹೊರಗೆ ಸಿಟೌಟಿನಲ್ಲಿ, ಬಾಗಿಲು ಅರ್ಧ ಮುಚ್ಚಿ. ಅವನು ರೆಕಾರ್ಡರಿನಿಂದ ಒಂದು ಮೊಳ. ನಾನು ಹಾಡುವಾಗ ಆರು ಅಡಿ, ಗೋಡೆಗೆ ಬೆನ್ನು ಹಚ್ಚಿ. ನನ್ನ ಗುರುತು ಅವನದಕ್ಕಿಂತ ಎಷ್ಟು ಹಿಂದಿತ್ತು ಎಂದು ಈಗಲೂ ನೆಲ ತೋರಿಸಿದರೆ ಹೇಳಬಲ್ಲೆ.

ಇನ್ನೊಂದು ತೊಂದರೆ ಬಸ್ಸುಗಳದ್ದು. ಮನೆಯ ಎದುರಿನ ತಿರುವಿನಲ್ಲಿ ಪ್ರತಿ ಬಸ್ಸೂ ಉದ್ದ ಹಾರ್ನ್ ಹೊಡೆಯುತ್ತಿತ್ತು. ನಮ್ಮ ಕಡೆಯ ಬಸ್ಸುಗಳ ಸಮಯ ಎಲ್ಲರಿಗೂ ಬಾಯಿಪಾಠ. ಒಂದು ಹೋದ ಮೇಲೆ ಇನ್ನೊಂದು ಬರಲು ಆರು ನಿಮಿಷ ಇದ್ದರೆ ಆರು ನಿಮಿಷದೊಳಗೆ ಹಾಡು ಮುಗಿಯಬೇಕು. ಮುಂದಿದ್ದ ಬಸ್ಸನ್ನು ಓವರ್‌ಟೇಕ್ ಮಾಡಿ ಬೇಗ ಬಂದ ಡ್ರೈವರನೊಬ್ಬ ನನ್ನ ಅತಿ ಒಳ್ಳೆಯ ಪಲ್ಲವಿಯನ್ನು ಮೂರು ಸಲ ಹಾಳುಮಾಡಿದ. ನಮ್ಮ ನಾಲ್ಕನೆಯವನು ಮಟ್ಟುವಿನ ಹಾಡು ಹಾಡಿದ್ದು ಒಂದೇ ಸಲ. ಬಸ್ಸು ಬರಲಿಲ್ಲ, ಕಾಗೆ ಕೂಗಲಿಲ್ಲ. ಮುಗಿದ ಮೇಲೆ ನೋಡಿದರೆ ಒಳಗಿನಿಂದ ಡ್ರಮ್ಸಿನವನ ಚಿಕ್ಕಮ್ಮ ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತಿದ್ದರು. ಎ ಬದಿಯ ಕೊನೆಯ ಹಾಡು ಅದೇ ಆಯಿತು.

ಯಾರೂ ತಪ್ಪಿ ಬೇರೇನೂ ಅದರ ಮೇಲೆ ತುಂಬಿಸದಿರಲಿ ಎಂದು ಅಣ್ಣ ಕ್ಯಾಸೆಟ್ಟಿನ ಬೆನ್ನಿನ ಎರಡು ಪ್ಲಾಸ್ಟಿಕ್ ಚೂರುಗಳನ್ನು ಮುರಿದು, ಕ್ಯಾಸೆಟ್ಟನ್ನು ನನ್ನ ಕೈಗೆ ಕೊಟ್ಟರು. ಪ್ರತಿ ತೆಗೆಯುವ ಕೆಲಸ ನನ್ನದು. ಅದಕ್ಕೆ ಅವನು ತನ್ನ ರೆಕಾರ್ಡರನ್ನೇ ನಮ್ಮ ಮನೆಯಲ್ಲಿ ಬಿಟ್ಟುಹೋದ. "ನಿನ್ನ ಹತ್ತಿರ ಇದ್ದರೆ ನನಗೆ ಚಿಂತೆ ಇಲ್ಲ," ಎಂದ. ಹಾಡುಗಳ ಪಟ್ಟಿ, ಹಾಡಿದವರ ಹೆಸರು ಇದ್ದ ಚೀಟಿಗಳನ್ನು ಉಡುಪಿಯಲ್ಲಿ ಸೈಕ್ಲೋಸ್ಟೈಲ್ ಮಾಡಿಸಿಯೂ ಆಗಿತ್ತು. ಮಟ್ಟುವಿನ ಹಾಡಿನ ಎದುರು ಅವನ ಹೆಸರು.

ಒಂದು ಗಂಟೆಯ ಕ್ಯಾಸೆಟ್ಟಿಗೆ ಪ್ರತಿ ತೆಗೆಯಲು ಒಂದು ಗಂಟೆ ಬೇಕು, ಬೇಗ ಮಾಡುವ ದಾರಿ ಆ ರೆಕಾರ್ಡರಿನಲ್ಲಿ ಇರಲಿಲ್ಲ. ಬೆಳಗ್ಗಿನಿಂದ ಸಂಜೆಯವರೆಗೆ ನಮ್ಮ ಮನೆಯಲ್ಲಿ ಅವನೇ ಹಾಡುತ್ತಿದ್ದ. ಎಲ್ಲಿ ಉಸಿರು ತೆಗೆಯುತ್ತಾನೆ, ತಾಯಿಯ ಪ್ರಶ್ನೆಗೆ ಮೊದಲು ಎಷ್ಟು ಹೊತ್ತು ಸುಮ್ಮನಿರುತ್ತಾನೆ, ಎಲ್ಲ ನನಗೆ ಕಂಠಪಾಠವಾಯಿತು. ಹೊಟ್ಟೆಕಿಚ್ಚಿನವನಷ್ಟು ಗಮನವಿಟ್ಟು ಅಭಿಮಾನಿ ಕೂಡ ಕೇಳುವುದಿಲ್ಲ.

ಮೂರನೆಯ ದಿನ ಅಮ್ಮ ತನ್ನ ಅಕ್ಕನ ಮನೆಗೆಂದು ಉಡುಪಿಗೆ ಹೋದಳು. ನಾನು ಮೂಲದ ಕ್ಯಾಸೆಟ್ಟಿನ ಮುರಿದ ಜಾಗಕ್ಕೆ ಸೆಲೋಟೇಪ್ ಅಂಟಿಸಿದೆ. ಅಷ್ಟು ಮಾಡಿದರೆ ಅದರ ಮೇಲೆ ಮತ್ತೆ ತುಂಬಿಸಬಹುದು ಎಂದು ನನಗೆ ಅಣ್ಣನೇ ಕಲಿಸಿದ್ದರು. ಬದಿಯ ಕೊನೆಯ ಹಾಡಾದ್ದರಿಂದ ಬೇರೆ ಯಾವುದಕ್ಕೂ ತಾಗುವುದಿಲ್ಲ. ಗಿಟಾರ್ ಹೇಗೂ ನನ್ನದೇ. ಚೀಟಿಯಲ್ಲಿ ಯಾರ ಹೆಸರಿದ್ದರೇನು, ಸ್ವರ ಕೇಳಿದರೆ ನನ್ನ ಊರಿಗೆ ಗೊತ್ತಾಗುವುದಿಲ್ಲವೇ, ಆಗ ಇವನೇ ಹಾಡಲಿ ಎಂದು ಅವರೇ ಕೇಳುತ್ತಾರೆ ಎಂದುಕೊಂಡೆ. ಇದು ನನ್ನ ಬುದ್ಧಿವಂತಿಕೆ.

ಎರಡು ಸಲ ನನ್ನ ರೀತಿಯಲ್ಲಿ ಹಾಡಿದೆ. ಕೇಳಿದರೆ ಅಣ್ಣ ಹೇಳಿದಂತೆಯೇ, ಮುಳ್ಳು ಚುಚ್ಚಿದವನ ಬೊಬ್ಬೆ. ಸಿಟ್ಟು ಬಂತು. ಮೂರನೆಯ ಸಲ ಅವನನ್ನು ಗೇಲಿ ಮಾಡಲೆಂದೇ ಹಾಡಿದೆ. ಅವನ ಹಾಗೆ ಮೆಲ್ಲಗೆ ಶುರುಮಾಡಿದೆ, ಅವನ ಹಾಗೆ ಮೂಗಿನ ಹತ್ತಿರ ಸ್ವರ ತಂದೆ, ತಾಯಿ ಕೇಳುವಲ್ಲಿ ಅವನಿಗಿಂತಲೂ ಹೆಚ್ಚು ಹೊತ್ತು ಸುಮ್ಮನಿದ್ದೆ. ಎರಡನೆಯ ಚರಣಕ್ಕೆ ಬರುವಾಗ ಗೇಲಿ ಮಾಡುತ್ತಿದ್ದೇನೆ ಎನ್ನುವುದು ಮರೆತೇ ಹೋಗಿತ್ತು. ಮುಗಿಸಿ, ಹಿಂದಕ್ಕೆ ತಿರುಗಿಸಿ ಕೇಳಿದೆ. ಅಷ್ಟು ಚೆನ್ನಾಗಿ ನಾನು ಮೊದಲು ಹಾಡಿರಲಿಲ್ಲ, ಆಮೇಲೂ ಹಾಡಿಲ್ಲ. ಅದನ್ನೇ ಉಳಿಸಿದೆ. ಶಿರ್ವದಲ್ಲಿ ಅವನು ಹಾಡಿದ್ದು ಆ ಹೊತ್ತಿಗೆ ಈ ಲೋಕದಲ್ಲಿ ಎಲ್ಲೂ ಇರಲಿಲ್ಲ. ಮೊದಲೆರಡು ದಿನ ತೆಗೆದಿದ್ದ ಪ್ರತಿಗಳ ಮೇಲೂ ಹೊಸದನ್ನೇ ತುಂಬಿಸಿದೆ.

ಕ್ಯಾಸೆಟ್ಟುಗಳು ಹೋದವು. ಡ್ರಮ್ಸಿನವನು ಕೇಳಿ, "ಕಾಪಿಯಲ್ಲಿ ಇನ್ನೂ ಲಾಯ್ಕ್ ಬಂದಿದೆ ಮಾರಾಯ," ಎಂದ. ಅಣ್ಣ, "ರೆಕಾರ್ಡರಿನ ಹೆಡ್ ಕ್ಲೀನ್ ಮಾಡಿದೆಯಾ?" ಎಂದು ಕೇಳಿದರು. ಹೌದೆಂದೆ. ಇಬ್ಬರಿಗೂ ಗೊತ್ತಾಗಲಿಲ್ಲ ಎಂದು ಒಂದು ದಿನ ಖುಷಿಪಟ್ಟೆ. ಮರುದಿನ ಯೋಚಿಸಿದಾಗ, ಇವರಿಗೇ ಗೊತ್ತಾಗದಿದ್ದರೆ ಊರಿಗೆ ಹೇಗೆ ಗೊತ್ತಾಗಬೇಕು ಎಂದು ಹೊಳೆಯಿತು.

ಆಂಪ್ಲಿಫೈಯರ್ ತರಲು ಕಾರ್ಕಳಕ್ಕೆ ಹೋಗುತ್ತಿದ್ದಾಗ ಬಸ್ಸಿನಲ್ಲೇ ನಮ್ಮ ಕ್ಯಾಸೆಟ್ ಕೇಳಿಸಿತು. ಡ್ರೈವರನ ತಲೆಯ ಮೇಲಿನ ಸ್ಪೀಕರಿನಲ್ಲಿ ನಾನು, ನಾನಾಗಿಯೇ ಹಾಡಿದ ಮೂರು ಹಾಡು ಮುಗಿದವು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಕಿವಿಗೆ ಟವೆಲು ಸುತ್ತಿಕೊಂಡರು. ಮಟ್ಟುವಿನ ಹಾಡು ಬಂದಾಗ ಟವೆಲು ತೆಗೆದರು.

"ಯಾರ ಸ್ವರ ಗೊತ್ತುಂಟಾ ಇದು?" ಎಂದು ನನ್ನನ್ನೇ ಕೇಳಿದರು. "ಕಾಪು ಬಟ್ಟೆಯಂಗಡಿಯವರ ಮಗ. ಎಂತ ಹಾಡ್ತಾನೆ ನೋಡಿ. ಇವನೊಬ್ಬನೇ ಹಾಡಿದ್ದರೆ ಸಾಕಿತ್ತು. ಇಷ್ಟು ಹೊತ್ತು ಕಿರುಚಿದವನನ್ನು ಯಾಕೆ ಇಟ್ಟುಕೊಂಡದ್ದೋ."

ಇಬ್ಬರೂ ನಾನೇ. ಒಂದು ನಾನಿಗೆ ಬಿದ್ದ ಬೈಗುಳ ನನ್ನ ಹೆಸರಿಗೆ ಬಂತು, ಇನ್ನೊಂದು ನಾನಿಗೆ ಬಂದ ಹೊಗಳಿಕೆ ಅವನ ಮನೆಗೆ ಹೋಯಿತು. ಆ ದಿನದಿಂದ ಕಾಪುವಿನ ಹೋಟೆಲು, ಕ್ಷೌರದಂಗಡಿ, ಮೀನಿನ ಮಾರುಕಟ್ಟೆ, ಎಲ್ಲೆಲ್ಲೂ ಇದೇ ಮಾತು. ಎರ್ಮಾಳಿನ ಕಡೆಯಿಂದಲೂ ಜನ ಕ್ಯಾಸೆಟ್ ಬೇಕೆಂದು ಬಂದರು. ಅವನ ಮೇಲೆ ನನಗಿದ್ದ ಹೊಟ್ಟೆಕಿಚ್ಚು ಕಡಿಮೆಯಾಗಲಿಲ್ಲ, ಇಮ್ಮಡಿಯಾಯಿತು. ಮಾಡದ ಕೆಲಸಕ್ಕೆ ಹೊಗಳಿಸಿಕೊಳ್ಳುತ್ತಿದ್ದಾನಲ್ಲ ಎಂದು ಅವನ ಮೇಲೆಯೇ ಉರಿದುಬಿದ್ದೆ.

ಅವನು ಬಂದದ್ದು ಕಾರ್ಯಕ್ರಮಕ್ಕೆ ನಾಲ್ಕು ದಿನ ಇರುವಾಗ, ಮಧ್ಯಾಹ್ನ ಊಟವಾದ ಮೇಲೆ. ಅಮ್ಮ ಹಿತ್ತಲಲ್ಲಿದ್ದಳು. ಅವನು ಜಗಲಿಯಲ್ಲಿ ಕುಳಿತ.

"ರೆಕಾರ್ಡರ್ ಇಲ್ಲೇ ಉಂಟಲ್ಲ, ಕ್ಯಾಸೆಟ್ ಇವತ್ತಷ್ಟೇ ಕೇಳಿದೆ," ಎಂದ. "ಎ ಬದಿಯ ಕೊನೆಯದ್ದು ನಾನಲ್ಲ."

ಇಂಥ ಮಾತು ಬಂದರೆ ಹೇಳಲು ಸುಳ್ಳೊಂದನ್ನು ತಯಾರಿ ಮಾಡಿಟ್ಟಿದ್ದೆ. "ನಮ್ಮಲ್ಲಿ ವೋಲ್ಟೇಜ್ ಇಲ್ಲ ಮಾರಾಯ. ಟೇಪ್ ನಿಧಾನ ತಿರುಗಿದರೆ ಸ್ವರ ಬೇರೆಯೇ ಕೇಳುತ್ತದೆ."

"ಉಸಿರು ತೆಗೆಯುವ ಜಾಗವೂ ಬೇರೆ ಆಗ್ತದಾ?"

ಅವನು ಮೂಲದ ಕ್ಯಾಸೆಟ್ ತಾ ಎಂದ, ತಂದುಕೊಟ್ಟೆ. ಬೆನ್ನು ತಿರುಗಿಸಿ ನೋಡಿದ. ಸೆಲೋಟೇಪನ್ನು ಉಗುರಿನಿಂದ ಒಮ್ಮೆ ಮುಟ್ಟಿ ನೋಡಿ ನನ್ನ ಕೈಗೆ ವಾಪಸು ಕೊಟ್ಟ.

"ಲಾಯ್ಕ್ ಉಂಟು ಅದು," ಎಂದ. "ನನ್ನದಕ್ಕಿಂತ ಲಾಯ್ಕ್ ಉಂಟು. ನೀನು ಹಾಡಿದ್ದು ಅಂತ ಹೇಳು, ಸಾಕು. ಆದಿತ್ಯವಾರ ನೀನೇ ಹಾಡು. ಅಣ್ಣನಿಗೆ ನಾನು ಹೇಳ್ತೇನೆ."

ನನಗೆ ಬೇಕಾದದ್ದು ಅಷ್ಟೇ ಆಗಿತ್ತು. ಹೌದು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಅವನ ಆ ಮೆಲುದನಿ ಕೇಳಿದರೆ ನನಗೆ ಮೈ ಉರಿಯುತ್ತದೆ. ಕಳ್ಳನನ್ನು ಹಿಡಿದವನು ಬೈಯಬೇಕು, ಕದ್ದದ್ದನ್ನು ನೀನೇ ಇಟ್ಟುಕೋ ಎನ್ನಬಾರದು. ಅವನ ಕೈಯಿಂದ ನನ್ನ ಹಾಡನ್ನು ದಾನ ತೆಗೆದುಕೊಳ್ಳುವುದೇ ಎಂದು ಅನಿಸಿತು.

"ನಾನು ಯಾಕೆ ಹಾಡಲಿ?" ಎಂದೆ. "ಅದು ನಿನ್ನದೇ ಸ್ವರ. ಚೀಟಿಯಲ್ಲಿ ನಿನ್ನ ಹೆಸರು ಉಂಟು."

"ಹಾಗಾದರೆ ನಾನೇ ಹಾಡ್ತೇನೆ," ಎಂದು ಅವನು ಎದ್ದು ಹೋದ. ರೆಕಾರ್ಡರನ್ನು ತೆಗೆದುಕೊಂಡು ಹೋಗಲಿಲ್ಲ, ಯಾರಿಗೂ ಏನನ್ನೂ ಹೇಳಲಿಲ್ಲ.

ಆದಿತ್ಯವಾರ ಸಂಜೆ ಶಾಲೆಯ ಮೈದಾನ ತುಂಬಿತ್ತು. ಮುಂದಿನ ಬೆಂಚಿನಲ್ಲಿ ಮೇಷ್ಟ್ರು, ಮಾವಂದಿರು, ಹೆಂಗಸರ ಕಡೆ ಅಮ್ಮ. ನನ್ನ ಹಾಡುಗಳಿಗೆ ಹುಡುಗರು ಕುಣಿದರು. ಮಟ್ಟುವಿನ ಹಾಡಿಗೆ ನಾನು ತಂತಿ ಮೀಟಿದ್ದೇ ತಡ, ಜನರೇ ಹಾಡತೊಡಗಿದರು. ಹದಿನೈದು ದಿನ ಕ್ಯಾಸೆಟ್ ಕೇಳಿ ಕಲಿತಿದ್ದರು. ಅವರು ಕಲಿತದ್ದು ನನ್ನ ಉಸಿರು. ಅವನು ತನ್ನ ಉಸಿರಿನ ಜಾಗದಲ್ಲಿ ನಿಲ್ಲಿಸಿದರೆ ಅವರು ಮುಂದೆ ಹೋದರು, ಅವನು ಮುಂದೆ ಹೋದರೆ ಅವರು ನನ್ನಂತೆ ಸುಮ್ಮನಿದ್ದರು. ಗುಳ್ಳ ಎಲ್ಲಿ ಎನ್ನುವಲ್ಲಿ ಅವನು ಕೇಳಿ ಆದ ಮೇಲೆ ಇಡೀ ಮೈದಾನ ಕೇಳಿತು. ಕೆಲವರು ನಕ್ಕರು.

ಅವನು ತಿರುಗಿ ನನ್ನನ್ನು ನೋಡಿದ. ನಾನು ಗಿಟಾರ್ ಸ್ವಲ್ಪ ತಡೆದು ಅವನ ಜೊತೆ ಹೋಗಬಹುದಿತ್ತು, ಜನ ಗಿಟಾರಿನ ಹಿಂದೆ ಬರುತ್ತಿದ್ದರು. ನನ್ನ ಬೆರಳು ಕ್ಯಾಸೆಟ್ಟಿನ ಜೊತೆಗೇ ಹೋಯಿತು. ತಪ್ಪಿ ಹೋದದ್ದಲ್ಲ. ಅವನು ಎಡವುವುದನ್ನು ನೋಡಲು ನಾನು ಎರಡು ವರ್ಷ ಕಾದಿದ್ದೆ.

ಮೂರನೆಯ ಚರಣದಲ್ಲಿ ಅವನು ತನ್ನ ರೀತಿ ಬಿಟ್ಟುಕೊಟ್ಟ. ಕ್ಯಾಸೆಟ್ಟಿನವನ ಹಾಗೆ, ನಾನು ನಿಂತಲ್ಲೆಲ್ಲ ನಿಂತು, ನಾನು ಎಳೆದಲ್ಲೆಲ್ಲ ಎಳೆದು ಹಾಡು ಮುಗಿಸಿದ. ಚಪ್ಪಾಳೆ ಬಂತು, ಮರ್ಯಾದೆಗೆ ಬರುವಷ್ಟು.

ಎಲ್ಲ ಮುಗಿದು ನಾವು ವಯರ್ ಸುತ್ತುತ್ತಿರುವಾಗ ಅಮ್ಮ ವೇದಿಕೆಯ ಹಿಂದೆ ಬಂದಳು. ಫ್ಲಾಸ್ಕಿನಲ್ಲಿ ಶುಂಠಿ ಹಾಕಿದ ಬಿಸಿನೀರು ತಂದಿದ್ದಳು. ನನಗೆಂದುಕೊಂಡು ಕೈ ಚಾಚಿದೆ. ಅವಳು ಲೋಟ ಅವನ ಕೈಗೆ ಕೊಟ್ಟಳು.

"ಬೇಸರ ಮಾಡಬೇಡ ಮಗಾ," ಎಂದಳು. "ಇವತ್ತು ನಿನ್ನ ಗಂಟಲು ಸರಿ ಇರಲಿಲ್ಲ. ಕ್ಯಾಸೆಟ್ಟಿನಲ್ಲಿ ಎಷ್ಟು ಲಾಯ್ಕ್ ಹಾಡಿದ್ದಿ ನೀನು. ಅಡುಗೆ ಮಾಡುವಾಗ ನಾನು ದಿನಾ ಹಾಕಿ ಕೇಳುವುದುಂಟು. ಆ ತಾಯಿ ಕೇಳುವ ಜಾಗ ಬಂದರೆ ನನಗೆ ಕಣ್ಣಲ್ಲಿ ನೀರು ಬರ್ತದೆ. ಇವತ್ತು ಅದು ಬರಲಿಲ್ಲ."

ಅವನು ಲೋಟದ ನೀರು ಕುಡಿದು ಮುಗಿಸಿದ. ನನ್ನ ಕಡೆ ನೋಡಲಿಲ್ಲ.

"ಹೌದಮ್ಮ," ಎಂದ. "ಅಷ್ಟು ಲಾಯ್ಕ್ ಹಾಡಲಿಕ್ಕೆ ನನ್ನಿಂದ ಆಗುವುದಿಲ್ಲ."

ಅವನನ್ನು ಬಿಟ್ಟರೆ, ಅವನಿಗಿಂತ ನಾನು ಚೆನ್ನಾಗಿ ಹಾಡುತ್ತೇನೆ ಎಂದು ನನ್ನ ಜೀವಮಾನದಲ್ಲಿ ಒಬ್ಬರೇ ಹೇಳಿದ್ದು. ಹೇಳಿದವಳು ನನ್ನ ತಾಯಿ, ಹೇಳಿದ್ದು ಅವನಿಗೆ.